ಕಡಿದ ನರ ಮತ್ತೆ ಚಿಗುರುವ ಬಗೆ

ಕೆಲವು ವರ್ಷಗಳ ಹಿಂದೆ, ಮುಂಗಾರಿನ ಬಿತ್ತನೆ ಆರಂಭವಾಗುವ ದಿನಗಳಲ್ಲಿ, ಮೂವತ್ತೈದರ ವಯಸ್ಸಿನ ರೈತರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಬಿಳಿಜೋಳದ ಸುಗ್ಗಿಯಲ್ಲಿ ಕುಡುಗೋಲು ಜಾರಿ ಅವರ ಎಡಗೈ ಮಣಿಕಟ್ಟಿನ ಒಳಬದಿಗೆ ತಗುಲಿತ್ತು. ಆ ದಿನವೇ ಯಾರೋ ಚರ್ಮಕ್ಕೆ ಹೊಲಿಗೆ ಹಾಕಿ, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು ಕಳುಹಿಸಿದ್ದರು. ಹದಿನೈದು ದಿನಗಳಲ್ಲಿ ಗಾಯ ಮಾಯಿತು. “ಗಾಯ ಮಾದೈತ್ರಿ ಡಾಕ್ಟರ್ ಸಾಹೇಬ್ರ, ಆದ್ರ ಬಳ್ಳು ನನ್ನವಲ್ಲ ಅನ್ನಿಸ್ತಾವ್ರಿ” ಎಂದು ಅವರು ಹೇಳಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಮರಗಟ್ಟಿದ್ದವು. ಹೆಬ್ಬೆರಳಿನ ಬುಡದ ಮಾಂಸದ ಉಬ್ಬು ಇಳಿದುಹೋಗಿತ್ತು. ಗಾಯವಾಗಿ ಅಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು.

ನಾವು ಅವರಿಗೆ ಎರಡೂವರೆ ತಿಂಗಳ ಕಾಲ ಅಭ್ಯಂಗ, ಸ್ವೇದನ, ಬಸ್ತಿಗಳನ್ನು ಮಾಡಿ, ಒಳಗೆ ಕಷಾಯವನ್ನೂ ಕೊಟ್ಟೆವು. ಕೈಯ ಬಿಗಿತ ಕಡಿಮೆಯಾಯಿತು, ಬೆರಳಿನ ಅರಿವು ಮಾತ್ರ ಮರಳಲಿಲ್ಲ. ಆ ಎರಡೂವರೆ ತಿಂಗಳು ಅವರ ಕೈಯ ಪಾಲಿಗೆ ಎಷ್ಟು ಬೆಲೆಯುಳ್ಳದ್ದಾಗಿತ್ತೆಂಬುದನ್ನು ನಾವು ಕಾಲೇಜಿನಲ್ಲಿಯೇ ಓದಿದ್ದೆವು. ಓದಿದ್ದನ್ನು ಆ ಹೊತ್ತಿನಲ್ಲಿ ನೆನಪಿಗೆ ತಂದುಕೊಳ್ಳಲಿಲ್ಲ. ಈ ತಿಂಗಳ ಲೇಖನವನ್ನು ಬರೆಯಲು ಕುಳಿತಿರುವುದು ಆ ಕಾರಣದಿಂದ.

ಮೊದಲಿಗೆ ‘ನರ’ ಎಂಬ ಶಬ್ದದ ಬಗೆಗೆ ಒಂದು ಮಾತು. ನಮ್ಮ ಜನ ಕೈಮೇಲೆ ಉಬ್ಬಿ ಕಾಣುವ ನೀಲಿ ರಕ್ತನಾಳವನ್ನೂ ನರವೆನ್ನುತ್ತಾರೆ, ಹಿಮ್ಮಡಿಯ ಮೇಲಿನ ಗಟ್ಟಿ ಸ್ನಾಯುರಜ್ಜುವನ್ನೂ ನರವೆನ್ನುತ್ತಾರೆ. “ನರ ಎಳೆದಿದೆ” ಎಂದು ಬರುವ ಹತ್ತು ಜನರಲ್ಲಿ ಎಂಟು ಮಂದಿಗೆ ಆಗಿರುವುದು ಮಾಂಸಖಂಡದ ನೋವು. ನಾವು ಇಲ್ಲಿ ಹೇಳುತ್ತಿರುವ ನರವು ಮಿದುಳು ಮತ್ತು ಬೆನ್ನುಹುರಿಗಳಿಂದ ಅಂಗಾಂಗಗಳಿಗೆ ಆಜ್ಞೆಯನ್ನು ಒಯ್ದು, ಅಲ್ಲಿಂದ ಸ್ಪರ್ಶ, ನೋವು, ಶಾಖಗಳ ಅರಿವನ್ನು ಹಿಂದಕ್ಕೆ ತರುವ ಬಿಳಿಯ ದಾರ. ಅದರೊಳಗೆ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಸಾವಿರಾರು ನರತಂತುಗಳಿರುತ್ತವೆ. ಬೆರಳ ತುದಿಯಲ್ಲಿರುವ ತಂತುವಿನ ಮೂಲಕೋಶ ಇರುವುದು ಕೈಯಲ್ಲಲ್ಲ, ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಯ ಒಳಗೆ ಅಥವಾ ಅದರ ಪಕ್ಕದ ಗಂಟಿನಲ್ಲಿ. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಒಂದು ಕೋಶವು ಸುಮಾರು 80 ಸೆಂಟಿಮೀಟರ್ ಉದ್ದದ ಎಳೆಯನ್ನು ಚಾಚಿ ಅದನ್ನು ಜೀವನಪರ್ಯಂತ ಪೋಷಿಸುತ್ತದೆ.

ಆದುದರಿಂದ ಮಣಿಕಟ್ಟಿನಲ್ಲಿ ನರ ಕಡಿದರೆ ಮೊದಲು ಆಗಬೇಕಾದ ಕೆಲಸವೆಂದರೆ, ಅಷ್ಟು ದೂರದಲ್ಲಿರುವ ಮೂಲಕೋಶಕ್ಕೆ ಸುದ್ದಿ ಮುಟ್ಟುವುದು. ಕಳೆದ ನಾಲ್ಕೈದು ದಶಕಗಳ ಸಂಶೋಧನೆ ಈ ಸುದ್ದಿಯ ಹಾದಿಯನ್ನು ಬಹುಮಟ್ಟಿಗೆ ತೆರೆದು ತೋರಿಸಿದೆ.

ಸುದ್ದಿ ಒಂದೇ ಸಲಕ್ಕೆ ಹೋಗುವುದಿಲ್ಲ. ತಂತುವಿನ ಹೊರಗಿನ ದ್ರವದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಒಳಗಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಪೊರೆ ಹರಿದೊಡನೆ ಅದು ಒಳನುಗ್ಗುತ್ತದೆ. ಅದರೊಂದಿಗೆ ಎದ್ದ ವಿದ್ಯುತ್ ಸಂಚಲನ ಕುತ್ತಿಗೆಯವರೆಗೆ ಕ್ಷಣಾರ್ಧದಲ್ಲಿ ತಲುಪುತ್ತದೆ. ಏನೋ ಅನಾಹುತವಾಗಿದೆ ಎಂಬಷ್ಟನ್ನೇ ಅದು ತಿಳಿಸುತ್ತದೆ, ವಿವರ ಅದರಲ್ಲಿಲ್ಲ. ವಿವರದ ಓಲೆ ಅನಂತರ ಕಾಲ್ನಡಿಗೆಯಲ್ಲಿ ಹೊರಡುತ್ತದೆ. ನರತಂತುವಿನೊಳಗೆ ಉದ್ದಕ್ಕೂ ಹಳಿಗಳಂತಹ ಸೂಕ್ಷ್ಮನಳಿಕೆಗಳಿವೆ. ಅವುಗಳ ಮೇಲೆ ಡೈನೀನ್ ಎಂಬ ಪ್ರೋಟೀನು ಹಳೆಯ ಕಾಲದ ಓಲೆಕಾರನಂತೆ ಹೊರೆ ಹೊತ್ತು ಮೂಲಕೋಶದ ಕಡೆಗೆ ನಡೆಯುತ್ತದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಮೈಕ್ ಫೈನ್‌ಜಿಲ್ಬರ್ ಅವರ ತಂಡವು 2003ರಲ್ಲಿ ಒಂದು ಸೋಜಿಗದ ಸಂಗತಿಯನ್ನು ತೋರಿಸಿತು. ಗಾಯವಾದ ಸ್ಥಳದಲ್ಲಿಯೇ ಇಂಪೋರ್ಟಿನ್-ಬೀಟಾ ಎಂಬ ಪ್ರೋಟೀನು ಹೊಸದಾಗಿ ತಯಾರಾಗುತ್ತದೆ. ಅದು ಗಾಯದ ಸಂಕೇತಗಳನ್ನು ಡೈನೀನಿನ ಬೆನ್ನಿಗೆ ಕಟ್ಟಿ, ಕೋಶದ ಕೇಂದ್ರದೊಳಕ್ಕೆ ಪ್ರವೇಶಿಸುವ ಪರವಾನಗಿಯನ್ನೂ ಜೊತೆಗಿಟ್ಟು ಕಳುಹಿಸುತ್ತದೆ. ಈ ಓಲೆಕಾರನ ವೇಗ ದಿನಕ್ಕೆ ಸುಮಾರು 200 ಮಿಲಿಮೀಟರ್ ಎಂದು ಹಿಡಿದರೆ ಮಣಿಕಟ್ಟಿನಿಂದ ಕುತ್ತಿಗೆಗೆ ಮೂರು ನಾಲ್ಕು ದಿನಗಳ ಪ್ರಯಾಣ.

ಮೂರನೆಯದು ಬಾರದೆ ಹೋದ ಸುದ್ದಿ. ಆರೋಗ್ಯವಾಗಿರುವಾಗ ಚರ್ಮ ಮತ್ತು ಮಾಂಸಖಂಡಗಳಿಂದ ಪೋಷಕ ದ್ರವ್ಯಗಳು ನಿತ್ಯವೂ ಮೂಲಕೋಶಕ್ಕೆ ಬರುತ್ತಿರುತ್ತವೆ. ಪರ ಊರಿನಲ್ಲಿರುವ ಮಗನಿಂದ ಪ್ರತಿ ತಿಂಗಳು ಬರುತ್ತಿದ್ದ ಹಣ ಒಂದು ತಿಂಗಳು ತಪ್ಪಿದರೆ ತಾಯಿ ಹೇಗೆ ಎಚ್ಚೆತ್ತುಕೊಳ್ಳುವಳೋ ಹಾಗೆ, ಆ ಪೂರೈಕೆ ನಿಂತುದರಿಂದಲೇ ಕೋಶವು ಎಚ್ಚರಗೊಳ್ಳುತ್ತದೆ.

ಈ ಪೋಷಕ ದ್ರವ್ಯಗಳು ಪತ್ತೆಯಾದ ಕಥೆಯನ್ನು ಓದುಗರು ತಿಳಿಯಬೇಕು. ಇಟಲಿಯ ಟ್ಯೂರಿನ್ ನಗರದಲ್ಲಿ 1909ರಲ್ಲಿ ಜನಿಸಿದ ರೀಟಾ ಲೆವಿ-ಮೊಂಟಾಲ್ಚಿನಿ ವೈದ್ಯಕೀಯ ಓದಿದ ಯಹೂದಿ ಮಹಿಳೆ. 1938ರ ಜನಾಂಗೀಯ ಕಾನೂನುಗಳು ಅವರಿಗೆ ವಿಶ್ವವಿದ್ಯಾಲಯದ ಬಾಗಿಲನ್ನು ಮುಚ್ಚಿದಾಗ, ತಮ್ಮ ಮಲಗುವ ಕೋಣೆಯಲ್ಲಿಯೇ ಪುಟ್ಟ ಪ್ರಯೋಗಾಲಯ ಮಾಡಿಕೊಂಡು, ಕೋಳಿಮರಿಯ ಭ್ರೂಣಗಳಲ್ಲಿ ನರಗಳು ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್ ನಗರಕ್ಕೆ ವಿಕ್ಟರ್ ಹ್ಯಾಂಬರ್ಗರ್ ಅವರ ಆಹ್ವಾನದ ಮೇರೆಗೆ ಹೋದರು. ಇಲಿಯ ಒಂದು ಬಗೆಯ ಗೆಡ್ಡೆಯ ತುಣುಕನ್ನು ನರಗಂಟಿನ ಸಮೀಪದಲ್ಲಿಟ್ಟರೆ, ಒಂದು ದಿನದೊಳಗೆ ಗಂಟಿನ ಸುತ್ತಲೂ ಸೂರ್ಯನ ಪ್ರಭಾವಳಿಯಂತೆ ನರತಂತುಗಳು ಚಿಮ್ಮಿ ಬೆಳೆಯುವುದನ್ನು ಅವರು ಕಂಡರು. ಗೆಡ್ಡೆ ಯಾವುದೋ ದ್ರವ್ಯವನ್ನು ಸ್ರವಿಸುತ್ತಿತ್ತು. ಆ ದ್ರವ್ಯವನ್ನು ಬೇರ್ಪಡಿಸುವ ಕೆಲಸ ರಸಾಯನಜ್ಞ ಸ್ಟ್ಯಾನ್ಲಿ ಕೋಹೆನ್ ಅವರ ಪಾಲಿಗೆ ಬಂತು. ಶುದ್ಧೀಕರಣಕ್ಕೆಂದು ಅವರು ಬೆರೆಸಿದ ಹಾವಿನ ವಿಷದಲ್ಲಿಯೇ ಆ ದ್ರವ್ಯ ಗೆಡ್ಡೆಯಲ್ಲಿರುವುದಕ್ಕಿಂತ ಹೇರಳವಾಗಿರುವುದು ಕಂಡುಬಂತು. ಅಗದತಂತ್ರವನ್ನು ಓದಿದವರಿಗೆ ವಿಷದಲ್ಲಿ ಔಷಧವಿರುವುದು ಹೊಸ ಮಾತಲ್ಲವಾದರೂ, ಇದನ್ನು ಮೊದಲ ಬಾರಿಗೆ ಓದಿದಾಗ ನಾವೂ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಕುಳಿತಿದ್ದೆವು. ಈ ನರಪೋಷಕ ದ್ರವ್ಯಕ್ಕೆ ಎನ್‌ಜಿಎಫ್ ಎಂದು ಹೆಸರಾಯಿತು. ಅದೂ ಸೇರಿದಂತೆ ಇಂತಹ ಬೆಳವಣಿಗೆಯ ದ್ರವ್ಯಗಳ ಶೋಧಕ್ಕಾಗಿ 1986ರಲ್ಲಿ ಇಬ್ಬರಿಗೂ ನೊಬೆಲ್ ಪುರಸ್ಕಾರ ಬಂತು. ಎನ್‌ಜಿಎಫ್ ಸ್ಪರ್ಶ-ನೋವಿನ ತಂತುಗಳ ಒಂದು ವರ್ಗಕ್ಕೆ ಮುಖ್ಯವಾದುದು. ಚಲನೆಯ ತಂತುಗಳಿಗೆ ಬಿಡಿಎನ್‌ಎಫ್, ಜಿಡಿಎನ್‌ಎಫ್ ಎಂಬ ಬೇರೆ ಪೋಷಕಗಳಿರುವುದು ಮುಂದೆ ತಿಳಿದುಬಂತು.

ಸುದ್ದಿ ಮುಟ್ಟಿದ ಮೂಲಕೋಶವು ತನ್ನ ನಿತ್ಯದ ಕೆಲಸವನ್ನು ಬದಿಗಿಡುತ್ತದೆ. ಅದುವರೆಗೆ ಆಜ್ಞೆ ಸಾಗಿಸುವ ಸಾಮಗ್ರಿಯನ್ನು ತಯಾರಿಸುತ್ತಿದ್ದ ಕೋಶ ಈಗ ಬೆಳವಣಿಗೆಯ ಸಾಮಗ್ರಿಯನ್ನು ತಯಾರಿಸತೊಡಗುತ್ತದೆ. ಸಿ-ಜುನ್, ಎಟಿಎಫ್-3 ಮೊದಲಾದ ಪ್ರೋಟೀನುಗಳು ಕೋಶಕೇಂದ್ರದಲ್ಲಿ ಕುಳಿತು ಭ್ರೂಣಾವಸ್ಥೆಯ ಅನಂತರ ಮುಚ್ಚಿಹೋಗಿದ್ದ ಅನೇಕ ಜೀನುಗಳನ್ನು ಮತ್ತೆ ತೆರೆಯುತ್ತವೆ. ಕಡಿದ ತುದಿಯಲ್ಲಿ ಅಂಗೈಯಂತೆ ಬಿಚ್ಚಿಕೊಂಡ ಒಂದು ಮೊಳಕೆ ಏಳುತ್ತದೆ. ಸ್ಪೇನಿನ ಸಾಂತಿಯಾಗೊ ರಮೋನ್ ಇ ಕಹಾಲ್ ಅವರು 1890ರಲ್ಲಿ ಈ ಮೊಳಕೆಯನ್ನು ಭ್ರೂಣದ ನರಗಳಲ್ಲಿ ಗುರುತಿಸಿ ಬೆಳವಣಿಗೆಯ ಶಂಕುವೆಂದು ಕರೆದರು.

ಇನ್ನು ಕಡಿದ ಸ್ಥಳದಿಂದ ಬೆರಳಿನ ಕಡೆಗೆ ಉಳಿದ ಭಾಗದ ಗತಿಯೇನು? ಅದು ಬದುಕುವುದಿಲ್ಲ. ಅಗಸ್ಟಸ್ ವಾಲರ್ ಎಂಬ ಇಂಗ್ಲಿಷ್ ವೈದ್ಯ 1850ರಲ್ಲಿ ಕಪ್ಪೆಯ ನಾಲಿಗೆಯ ನರಗಳನ್ನು ಕತ್ತರಿಸಿ, ಮೂಲದಿಂದ ಬೇರ್ಪಟ್ಟ ಭಾಗ ತುಂಡುತುಂಡಾಗಿ ಕರಗುವುದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಈ ಕರಗುವಿಕೆ ಕೊಳೆತವಲ್ಲ. ತಂತುವಿನೊಳಗೆಯೇ ಇರುವ ಸಾರ್ಮ್-1 ಎಂಬ ಕಿಣ್ವವು ಅದರ ಶಕ್ತಿದ್ರವ್ಯವನ್ನು ಬರಿದುಮಾಡಿ ಅದನ್ನು ಅಳಿಸುತ್ತದೆ ಎಂಬುದು 2012ರಿಂದೀಚೆಗೆ ಸ್ಪಷ್ಟವಾಗಿದೆ. ತಂತು ಅಳಿದರೂ ಅದನ್ನು ಸುತ್ತಿಕೊಂಡಿದ್ದ ಶ್ವಾನ್ ಕೋಶಗಳು ಉಳಿಯುತ್ತವೆ. ನಮ್ಮ ದೃಷ್ಟಿಯಲ್ಲಿ ಇಡೀ ಪ್ರಕರಣದ ನಿಜವಾದ ಸೇವಕರು ಇವೇ. ಅದುವರೆಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯನ್ನು ನೇಯ್ದು ಸುಮ್ಮನಿದ್ದ ಈ ಕೋಶಗಳು, ಸಿ-ಜುನ್ ಎಚ್ಚೆತ್ತೊಡನೆ ತಮ್ಮ ಹೊದಿಕೆಯನ್ನು ತಾವೇ ಕಳಚಿ ನುಂಗುತ್ತವೆ. ಕಸ ಗುಡಿಸಲು ರಕ್ತದಿಂದ ಭಕ್ಷಕಕೋಶಗಳನ್ನು ಕರೆಯುತ್ತವೆ. ಅನಂತರ ಸಾಲಾಗಿ ನಿಂತು, ಬರಲಿರುವ ಮೊಳಕೆಗೆ ದಾರಿ ಮಾಡಿ, ಪೋಷಕ ದ್ರವ್ಯಗಳನ್ನು ಸ್ರವಿಸುತ್ತವೆ. ಎಲೆಬಳ್ಳಿಯ ತೋಟದಲ್ಲಿ ಬಳ್ಳಿಗೂ ಮೊದಲು ನುಗ್ಗೆ, ಚೊಗಚೆಗಳನ್ನು ನೆಟ್ಟಿರುತ್ತಾರಲ್ಲವೆ? ಶ್ವಾನ್ ಕೋಶಗಳ ಸಾಲು ಅಂತಹುದೇ ಆಸರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಕ್ರಿಸ್ಟ್ಯಾನ್ ಜೆಸೆನ್ ಮತ್ತು ರೋನಾ ಮಿರ್‌ಸ್ಕಿ ಅವರ ತಂಡವು ಶ್ವಾನ್ ಕೋಶಗಳಲ್ಲಿ ಸಿ-ಜುನ್ ಇಲ್ಲದ ಇಲಿಗಳನ್ನು ಪರೀಕ್ಷಿಸಿದಾಗ, ನರ ಸರಿಯಾಗಿ ಬೆಳೆಯಲಿಲ್ಲ, ಅನೇಕ ಮೂಲಕೋಶಗಳೂ ಸತ್ತುಹೋದವು.

ಆದರೆ ಆಸರೆಯ ಗಿಡವೂ ಎಷ್ಟು ದಿನ ಕಾಯುತ್ತದೆ? ನಮ್ಮ ಮಾತಿನ ತಿರುಳು ಇಲ್ಲಿದೆ. ಮೊಳಕೆ ಮುಂದುವರಿಯುವ ವೇಗ ಮನುಷ್ಯನಲ್ಲಿ ದಿನಕ್ಕೆ ಸುಮಾರು 1 ಮಿಲಿಮೀಟರ್. ತಿಂಗಳಿಗೆ ಒಂದಂಗುಲಕ್ಕಿಂತ ತುಸು ಹೆಚ್ಚು. ಕಡಿದ ಸ್ಥಳವನ್ನು ದಾಟಲು ಅದಕ್ಕೂ ಮೊದಲು ಕೆಲವು ವಾರಗಳು ಬೇಕು. ಮಣಿಕಟ್ಟಿನಿಂದ ಬೆರಳ ತುದಿಗೆ ಆರೇಳು ತಿಂಗಳು, ಮೊಣಕೈಯಿಂದ ಅಂಗೈಯ ಸಣ್ಣ ಮಾಂಸಖಂಡಗಳಿಗೆ ಸುಮಾರು ಒಂದು ವರ್ಷ. ಬೈಕಿನಿಂದ ಬಿದ್ದು ಕುತ್ತಿಗೆಯ ಬುಡದಲ್ಲಿ ನರ ಹರಿದವರಿಗೆ ಅಂಗೈಯವರೆಗಿನ ಪ್ರಯಾಣ ಎರಡು ವರ್ಷಗಳನ್ನು ಮೀರುತ್ತದೆ. ಇತ್ತ ಆಜ್ಞೆ ಬಾರದ ಮಾಂಸಖಂಡವು ಮೊದಲು ಸೊರಗಿ, ಹನ್ನೆರಡರಿಂದ ಹದಿನೆಂಟು ತಿಂಗಳಲ್ಲಿ ನಾರಾಗಿ ಪರಿಣಮಿಸುತ್ತದೆ. ಅಷ್ಟಾದ ಮೇಲೆ ನರ ಬಂದು ಬಾಗಿಲು ತಟ್ಟಿದರೂ ತೆರೆಯುವವರಿಲ್ಲ. ಶ್ವಾನ್ ಕೋಶಗಳೂ ತಿಂಗಳುಗಳು ಉರುಳಿದಂತೆ ದಣಿಯುತ್ತವೆ. ಅವುಗಳ ಸಿ-ಜುನ್ ತಗ್ಗುತ್ತದೆ, ಪೋಷಕ ದ್ರವ್ಯ ಬತ್ತುತ್ತದೆ. ಚರ್ಮದ ಅರಿವು ಇದಕ್ಕಿಂತ ಸ್ವಲ್ಪ ಹೆಚ್ಚು ಕಾಲ ಕಾಯುತ್ತದೆ, ತಡವಾದರೂ ಒಂದಿಷ್ಟು ಮರಳುತ್ತದೆ. ಮಾಂಸಖಂಡ ಹಾಗಲ್ಲ.

ನರ ಮರಳುವ ಕ್ರಮವನ್ನು ತನ್ನ ಮೈಮೇಲೆಯೇ ಅಳೆದ ವೈದ್ಯರೊಬ್ಬರಿದ್ದರು. ಇಂಗ್ಲೆಂಡಿನ ಹೆನ್ರಿ ಹೆಡ್ 1903ರ ಏಪ್ರಿಲ್ 25ರಂದು ತಮ್ಮ ಎಡಮುಂಗೈಯ ಚರ್ಮದ ನರವನ್ನು ಶಸ್ತ್ರವೈದ್ಯರಿಂದ ಕತ್ತರಿಸಿ ಹೊಲಿಸಿಕೊಂಡರು. ಅನಂತರ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಕೇಂಬ್ರಿಜ್‌ಗೆ ಹೋಗಿ ಬರುತ್ತಿದ್ದರು. ಅಲ್ಲಿ ಅವರು ಕಣ್ಣು ಮುಚ್ಚಿ ಕುಳಿತಿರಲು, ಗೆಳೆಯ ರಿವರ್ಸ್ ಅವರು ಹತ್ತಿ, ಸೂಜಿ, ಬಿಸಿನೀರು, ಮಂಜುಗಡ್ಡೆಗಳಿಂದ ಆ ಕೈಯನ್ನು ಪರೀಕ್ಷಿಸುತ್ತಿದ್ದರು. ಮೊದಲು ಮರಳಿದ್ದು ಒರಟಾದ, ಎಲ್ಲಿ ಎಂದು ಬೆರಳಿಟ್ಟು ತೋರಿಸಲಾಗದ ನೋವು. ಹತ್ತಿಯ ನವಿರು ಸ್ಪರ್ಶ ಬಹಳ ತಡವಾಗಿ ಬಂತು. ನರ ಹೊಲಿಸಿಕೊಂಡವರು ಕೆಲವು ತಿಂಗಳ ಅನಂತರ “ಕೈಯಲ್ಲಿ ಇರುವೆ ಹರಿದಂತೆ, ಬೆಂಕಿ ಸೋಕಿದಂತೆ ಆಗುತ್ತಿದೆ” ಎಂದು ಗಾಬರಿಯಿಂದ ಬಂದಾಗ ನಾವು ಹೆಡ್ ಅವರ ಕಥೆಯನ್ನೇ ಹೇಳಿ ಸಮಾಧಾನಪಡಿಸುತ್ತೇವೆ.

ಆ ಇರುವೆ ಹರಿಯುವಿಕೆಯಲ್ಲಿ ವೈದ್ಯನಿಗೆ ಒಂದು ಅಳತೆಗೋಲಿದೆ. ಮೊದಲನೆಯ ಮಹಾಯುದ್ಧದಲ್ಲಿ ಎದುರುಬದುರಾಗಿದ್ದ ಎರಡು ದೇಶಗಳ ವೈದ್ಯರು, ಫ್ರಾನ್ಸಿನ ಜ್ಯೂಲ್ ಟಿನೆಲ್ ಮತ್ತು ಜರ್ಮನಿಯ ಪೌಲ್ ಹಾಫ್‌ಮನ್, 1915ರ ಒಂದೇ ವರ್ಷದಲ್ಲಿ ಇದನ್ನು ಬೇರೆಬೇರೆಯಾಗಿ ಗಾಯಾಳು ಸೈನಿಕರಲ್ಲಿ ಕಂಡು ಬರೆದರು. ನರದ ಹಾದಿಯುದ್ದಕ್ಕೂ ಬೆರಳಿನಿಂದ ಮೆಲ್ಲನೆ ತಟ್ಟುತ್ತ ಹೋದರೆ, ಹೊಸ ಮೊಳಕೆ ತಲುಪಿರುವಲ್ಲಿ ರೋಗಿಗೆ ಬೆರಳ ತುದಿಯಲ್ಲಿ ಜುಮ್ಮೆನ್ನುತ್ತದೆ. ಆ ಬಿಂದು ತಿಂಗಳಿಂದ ತಿಂಗಳಿಗೆ ಮುಂದೆ ಸರಿದರೆ ನರ ಬೆಳೆಯುತ್ತಿದೆ ಎಂದರ್ಥ. ಗಾಯದ ಕಲೆಯಲ್ಲಿಯೇ ನಿಂತಿದ್ದರೆ ಮೊಳಕೆ ದಾರಿ ಸಿಗದೆ ಅಲ್ಲಿಯೇ ಗಂಟುಕಟ್ಟಿಕೊಂಡಿದೆ. ನಮ್ಮ ರೈತರಲ್ಲಿ ಮೊದಲ ದಿನವೂ ಕಲೆಯ ಮೇಲೆಯೇ ಜುಮ್ಮೆಂದಿತ್ತು, ಎರಡೂವರೆ ತಿಂಗಳ ಅನಂತರವೂ ಅಲ್ಲಿಯೇ. ಒಂದು ಪೆನ್ನು, ಒಂದು ಅಳತೆಪಟ್ಟಿ ಸಾಕಾಗಿತ್ತು. ನಾವು ಗುರುತು ಹಾಕಿಕೊಳ್ಳಲಿಲ್ಲ.

ಎಲ್ಲ ನರದ ಪೆಟ್ಟೂ ಒಂದೇ ಅಲ್ಲ. ಶಸ್ತ್ರವೈದ್ಯ ಹರ್ಬರ್ಟ್ ಸೆಡನ್ 1943ರಲ್ಲಿ ಮಾಡಿದ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಕುರ್ಚಿಯ ತೋಳಿನ ಮೇಲೆ ಕೈ ಜೋತುಹಾಕಿ ಮಲಗಿದವರಿಗೆ ಬೆಳಿಗ್ಗೆ ಮಣಿಕಟ್ಟು ಏಳದಿರುವುದು ಒತ್ತಡದ ಪೆಟ್ಟು. ತಂತು ಮುರಿದಿರುವುದಿಲ್ಲ, ವಾರಗಳಲ್ಲಿ ತಾನೇ ಸರಿಹೋಗುತ್ತದೆ. ಎರಡನೆಯ ಬಗೆಯಲ್ಲಿ ಒಳಗಿನ ತಂತು ಮುರಿದರೂ ಹೊರಗಿನ ಕೊಳವೆ ಉಳಿದಿರುತ್ತದೆ. ಮೊಳಕೆ ಅದೇ ಕೊಳವೆಯಲ್ಲಿ ಬೆಳೆದು ಮನೆ ಸೇರುತ್ತದೆ. ಮೂರನೆಯದು ಪೂರ್ತಿ ಕಡಿದ ನರ. ಎರಡೂ ತುದಿಗಳು ಹಿಂದಕ್ಕೆ ಸೆಳೆದುಕೊಳ್ಳುತ್ತವೆ. ಅವುಗಳ ನಡುವಿನ ಅಂತರವನ್ನು ಯಾವ ತೈಲವೂ, ಯಾವ ಮಾತ್ರೆಯೂ ಕೂಡಿಸಲಾರದು. ಮೊದಲ ಎರಡು ಬಗೆಗಳು ತಾವಾಗಿ ಗುಣವಾಗುವುದರಿಂದಲೇ ಅನೇಕ ಎಣ್ಣೆಗಳಿಗೂ, ನಾಟಿ ಪಟ್ಟಿಗಳಿಗೂ ಹೆಸರು ಬಂದಿದೆ. ನಮ್ಮ ವೃತ್ತಿಬಾಂಧವರು ಈ ಮಾತಿಗೆ ಬೇಸರಿಸಬಾರದು. ಕುಡುಗೋಲು, ಗಾಜು, ಗಾಳಿಪಟದ ಮಾಂಜಾ, ಮೇವು ಕತ್ತರಿಸುವ ಯಂತ್ರ, ಇಂತಹ ಹರಿತವಾದ ವಸ್ತುವಿನಿಂದ ಕೊಯ್ದ ಕೈಯಲ್ಲಿ ಮರಗಟ್ಟುವಿಕೆ ಇದ್ದರೆ ಅದು ಮೂರನೆಯ ಬಗೆಯೆಂದೇ ಭಾವಿಸಿ ಮುಂದುವರಿಯಬೇಕು.

ಶಸ್ತ್ರಚಿಕಿತ್ಸಕರು ಸೂಕ್ಷ್ಮದರ್ಶಕದಡಿಯಲ್ಲಿ ಕೂದಲಿಗಿಂತ ತೆಳುವಾದ ದಾರದಿಂದ ನರದ ಹೊರಪೊರೆಯನ್ನು ಹೊಲಿಯುತ್ತಾರೆ. ತಂತುಗಳನ್ನು ಒಂದೊಂದಾಗಿ ಜೋಡಿಸುವುದು ಮನುಷ್ಯಸಾಧ್ಯವಲ್ಲ. ಕೊಳವೆಯನ್ನು ಕೊಳವೆಗೆ ಎದುರಾಗಿ ನಿಲ್ಲಿಸುವುದಷ್ಟೇ ಅವರ ಕೆಲಸ, ಉಳಿದುದನ್ನು ಮೇಲೆ ಹೇಳಿದ ಸಂಕೇತಗಳು ಮಾಡುತ್ತವೆ. ಹರಿತವಾದ ಗಾಯವಾದರೆ ಮೊದಲ ಕೆಲವು ದಿನಗಳಲ್ಲಿ ಹೊಲಿಯುವುದು ಉತ್ತಮ; ಆಗ ತುದಿಗಳು ಎಳೆತವಿಲ್ಲದೆ ಕೂಡುತ್ತವೆ. ತಿಂಗಳುಗಳು ಕಳೆದರೆ ನಡುವಿನ ಅಂತರಕ್ಕೆ ಕಾಲಿನಿಂದ ನರದ ತುಂಡನ್ನು ತೆಗೆದು ನಾಟಿ ಮಾಡಬೇಕಾಗುತ್ತದೆ. ಹೊಲಿದ ಬಳಿಕ ಬೆಳವಣಿಗೆಯನ್ನು ಚುರುಕುಗೊಳಿಸಲು ಕೆನಡಾದ ಟೆಸ್ಸಾ ಗಾರ್ಡನ್ ಅವರ ತಂಡ ಒಂದು ಸರಳ ಉಪಾಯವನ್ನು ತೋರಿಸಿದೆ. ಸೆಕೆಂಡಿಗೆ 20 ಬಾರಿಯಂತೆ ಒಂದು ಗಂಟೆ ಕಾಲ ನರಕ್ಕೆ ಸಣ್ಣ ವಿದ್ಯುತ್ ಸ್ಪಂದನ ಕೊಟ್ಟರೆ, ಮೂಲಕೋಶದಲ್ಲಿ ಬಿಡಿಎನ್‌ಎಫ್ ಮೊದಲಾದ ಸಂಕೇತಗಳು ಹೆಚ್ಚಿ, ಹೆಚ್ಚು ತಂತುಗಳು ಬೇಗ ಗಾಯವನ್ನು ದಾಟುತ್ತವೆ. ಇಲಿಗಳಲ್ಲಿ ಕಂಡ ಇದನ್ನು ಮನುಷ್ಯರಲ್ಲಿಯೂ ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಲಾಗಿದೆ.

ಹಾಗಾದರೆ ಬೆನ್ನುಹುರಿ ಕಡಿದವರಿಗೆ ಏಕೆ ಹೀಗಾಗುವುದಿಲ್ಲವೆಂದು ಓದುಗರು ಕೇಳಬಹುದು. ಮಾಂಟ್ರಿಯಲ್ ನಗರದಲ್ಲಿ ಸ್ಯಾಮುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೊ 1981ರಲ್ಲಿ ಇಲಿಯ ಕಾಲಿನ ನರದ ತುಂಡನ್ನು ಅದರ ಬೆನ್ನುಹುರಿಗೆ ಸೇತುವೆಯಂತೆ ನೆಟ್ಟಾಗ, ಬೆಳೆಯಲಾರವೆಂದು ತಿಳಿದಿದ್ದ ಬೆನ್ನುಹುರಿಯ ತಂತುಗಳು ಆ ಸೇತುವೆಯೊಳಗೆ ಸುಮಾರು 3 ಸೆಂಟಿಮೀಟರ್ ಬೆಳೆದವು. ಕೊರತೆಯ ದೊಡ್ಡ ಪಾಲು ನೆಲದ್ದೆಂದಾಯಿತು. ಬೆನ್ನುಹುರಿಯಲ್ಲಿ ಶ್ವಾನ್ ಕೋಶಗಳಿಲ್ಲ. ಅಲ್ಲಿಯ ಮಯಲಿನ್‌ನಲ್ಲಿ ಬೆಳವಣಿಗೆಯನ್ನು ತಡೆಯುವ ನೋಗೊ ಎಂಬ ಪ್ರೋಟೀನಿದೆ, ಗಾಯದ ಕಲೆಯೂ ಅಡ್ಡಗೋಡೆಯಾಗುತ್ತದೆ. ಈ ತಡೆಗಳನ್ನು ತೆಗೆಯುವ ಪ್ರಯತ್ನಗಳು ಸ್ವಿಟ್ಜರ್ಲೆಂಡಿನ ಜ್ಯೂರಿಚ್ ಮೊದಲಾದೆಡೆ ನಡೆಯುತ್ತಿವೆ, ಕಡಿದ ಬೆನ್ನುಹುರಿಯನ್ನು ಬೆಳೆಸುವ ಔಷಧ ಇನ್ನೂ ಆಸ್ಪತ್ರೆಯ ಬಳಕೆಗೆ ಬಂದಿಲ್ಲ. ಆಕರಕೋಶವೆಂದು ಹೇಳಿ ಲಕ್ಷಗಟ್ಟಲೆ ಹಣ ಕೇಳುವವರ ಬಳಿಗೆ ಹೊಲ ಮಾರಿ ಹೋದ ಕುಟುಂಬಗಳನ್ನು ನಾವು ಕಂಡಿದ್ದೇವೆ. ಅಂತಹವರು ಹೊರಡುವ ಮುನ್ನ ದಯವಿಟ್ಟು ಸರಕಾರಿ ವೈದ್ಯಕೀಯ ಕಾಲೇಜಿನ ನರರೋಗ ವಿಭಾಗದಲ್ಲಿ ಒಮ್ಮೆ ವಿಚಾರಿಸಲಿ.

ಆಯುರ್ವೇದದ ಪಾತ್ರವೇನೆಂದು ಕೇಳಿದರೆ ನಮ್ಮ ಉತ್ತರ ಹೀಗಿದೆ. ಸುಶ್ರುತಸಂಹಿತೆಯ ಶಾರೀರಸ್ಥಾನವು 107 ಮರ್ಮಗಳನ್ನು ಹೇಳುವಾಗ ಮಣಿಕಟ್ಟನ್ನು ಮಣಿಬಂಧ ಮರ್ಮವೆಂದು ಎಣಿಸಿ, ಅಲ್ಲಿ ಪೆಟ್ಟಾದರೆ ಕೈ ಕೆಲಸಕ್ಕೆ ಬಾರದಾಗುವುದನ್ನು ಹೇಳಿದೆ. ಶಸ್ತ್ರವನ್ನು ಮೊದಲಿಟ್ಟ ಆಚಾರ್ಯರ ಶಿಷ್ಯರು ಶಸ್ತ್ರ ಬೇಕಾದಲ್ಲಿ ಎಣ್ಣೆ ಹಿಡಿದು ಕೂರುವುದು ಆಚಾರ್ಯರಿಗೇ ಒಪ್ಪುವ ಮಾತಲ್ಲ. ಅಶ್ವಗಂಧದಲ್ಲಿರುವ ವಿಥನೊಲೈಡ್-ಎ ಎಂಬ ಅಂಶವು ಪ್ರಯೋಗಾಲಯದ ತಟ್ಟೆಯಲ್ಲಿ ಹಾನಿಗೊಂಡ ನರಕೋಶಗಳಿಂದ ತಂತುಗಳು ಮತ್ತೆ ಚಾಚುವಂತೆ ಮಾಡಿದುದನ್ನು ಜಪಾನಿನ ಸಂಶೋಧಕರು 2005ರಲ್ಲಿ ವರದಿ ಮಾಡಿದ್ದಾರೆ. ಓದಿ ನಮಗೂ ಸಂತೋಷವಾಯಿತು. ಆದರೆ ತಟ್ಟೆಯಲ್ಲಿಯ ಕೋಶಕ್ಕೂ ಕುಡುಗೋಲು ತಗುಲಿದ ಮಣಿಕಟ್ಟಿಗೂ ಬಹಳ ದೂರವಿದೆ. ಹೊಲಿದ ನರ ಬೆಳೆಯುವ ತಿಂಗಳುಗಳಲ್ಲಿ ಕೀಲು ಬಿಗಿಯದಂತೆ, ಚರ್ಮ ಒಣಗದಂತೆ, ರೋಗಿಯ ನಿದ್ರೆ ಮತ್ತು ಜಠರಾಗ್ನಿ ಕೆಡದಂತೆ ನೋಡಿಕೊಳ್ಳುವಲ್ಲಿ ಮೃದುವಾದ ಅಭ್ಯಂಗಕ್ಕೂ ಪಥ್ಯಕ್ಕೂ ಒಳ್ಳೆಯ ಸ್ಥಾನವಿದೆ. ಅದನ್ನು ಶಸ್ತ್ರಚಿಕಿತ್ಸಕರು ಅನುಮತಿಸಿದ ಮೇಲೆ, ಸಾಮಾನ್ಯವಾಗಿ ಮೂರು ವಾರಗಳ ಅನಂತರ, ಆರಂಭಿಸಬೇಕು. ಅರಿವಿಲ್ಲದ ಕೈಗೆ ಬಿಸಿ ಶಾಖ ಕೊಡಲೇಬಾರದು. ಸುಟ್ಟುದು ರೋಗಿಗೆ ಗೊತ್ತಾಗುವುದಿಲ್ಲ. ರೊಟ್ಟಿಯ ಹಂಚಿನಿಂದ ಬೆರಳು ಬೆಂದ ತಾಯಂದಿರನ್ನು ನೋಡಿದ್ದೇವೆ. ಮಧುಮೇಹವನ್ನು ಹತೋಟಿಯಲ್ಲಿಡಬೇಕು, ಬೀಡಿ-ತಂಬಾಕನ್ನು ಬಿಡಬೇಕು. ನಮ್ಮಂತೆ ಸಸ್ಯಾಹಾರಿಗಳಾದವರಿಗೆ ಹಾಲು, ಮೊಸರು, ಮಜ್ಜಿಗೆಗಳ ಹೊರತು ಬಿ-12 ಜೀವಸತ್ವಕ್ಕೆ ಬೇರೆ ದಾರಿ ಕಡಿಮೆ. ಅದರ ಕೊರತೆಯೊಂದೇ ಕೈಕಾಲು ಜುಮ್ಮೆನ್ನಿಸಬಲ್ಲದು. ರಕ್ತ ಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ತುಂಬಿಸಿಕೊಳ್ಳಬೇಕು. ಕೊರತೆ ಇಲ್ಲದವರಲ್ಲಿ ಆ ಮಾತ್ರೆ ಕಡಿದ ನರವನ್ನು ಕೂಡಿಸುತ್ತದೆಂದು ನಂಬಿ ಕೂರಬಾರದು.

ಕೈಗೆ ಗಾಯವಾದಾಗ ಮನೆಯವರೇ ಮಾಡಬಹುದಾದ ಪರೀಕ್ಷೆ ಎರಡು ನಿಮಿಷದ್ದು. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಿದ ಮೇಲೆ, ಗಾಯಾಳುವಿಗೆ ಕಣ್ಣು ಮುಚ್ಚಲು ಹೇಳಿ, ತೋರುಬೆರಳಿನ ತುದಿಯನ್ನೂ ಕಿರುಬೆರಳಿನ ತುದಿಯನ್ನೂ ಬಟ್ಟೆಯ ಅಂಚಿನಿಂದ ಮೆಲ್ಲನೆ ಸವರಿ, ಇನ್ನೊಂದು ಕೈಯಂತೆಯೇ ತಿಳಿಯುತ್ತದೆಯೆ ಎಂದು ಕೇಳಿ. ಮೊದಲನೆಯದು ಮೀಡಿಯನ್ ನರದ್ದು, ಎರಡನೆಯದು ಅಲ್ನರ್ ನರದ್ದು. ಬೆರಳುಗಳನ್ನು ಬೀಸಣಿಗೆಯಂತೆ ಅಗಲಿಸಲು, ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಲು, ಮಣಿಕಟ್ಟನ್ನು ಮೇಲೆತ್ತಲು ಹೇಳಿ. ಒಂದರಲ್ಲಿ ವ್ಯತ್ಯಾಸ ಕಂಡರೂ, ಹೊಲಿಗೆ ಹಾಕುವವರಿಗೆ ಅದನ್ನು ಬಾಯಿಬಿಟ್ಟು ಹೇಳಿ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟ ಮೇಲೆ ಈ ಪರೀಕ್ಷೆಯಿಂದ ಏನೂ ತಿಳಿಯದು. ಹೇಳಲಾರದ ಚಿಕ್ಕ ಮಕ್ಕಳಲ್ಲಿ, ಗಾಯ ಮಾದ ಮೇಲೆ, ಕೈಯನ್ನು ಅರ್ಧ ಗಂಟೆ ಉಗುರುಬೆಚ್ಚಗಿನ ನೀರಿನಲ್ಲಿರಿಸಿ ನೋಡಬಹುದು. ನರವಿರುವ ಬೆರಳಿನ ತುದಿ ಸುಕ್ಕುಗಟ್ಟುತ್ತದೆ, ನರ ಕಡಿದ ಬೆರಳು ನುಣುಪಾಗಿಯೇ ಉಳಿಯುತ್ತದೆ.

ನಮ್ಮ ರೈತರನ್ನು ಕೊನೆಗೆ ನಗರದ ಕೈಶಸ್ತ್ರಚಿಕಿತ್ಸಕರ ಬಳಿಗೆ ಕಳುಹಿಸಿದಾಗ ಗಾಯವಾಗಿ ಏಳು ತಿಂಗಳಾಗುತ್ತ ಬಂದಿತ್ತು. ಅವರು ಬೈಯಲಿಲ್ಲ. “ಮೊದಲ ವಾರದಲ್ಲಿ ಬಂದಿದ್ದರೆ ಕಾಲಿನ ನರ ತೆಗೆಯಬೇಕಾಗಿರಲಿಲ್ಲ” ಎಂದಷ್ಟೇ ಹೇಳಿದರು. ತುದಿಗಳ ನಡುವೆ ಎರಡು ಸೆಂಟಿಮೀಟರ್ ಅಂತರವಿತ್ತು, ಮೇಲಿನ ತುದಿ ಹುಣಸೆಬೀಜದಷ್ಟು ಗಂಟಾಗಿತ್ತು. ನಾಟಿಯಾದ ಮೇಲೆ ನಾವು ಪ್ರತಿ ತಿಂಗಳು ತಟ್ಟಿ, ಪೆನ್ನಿನಿಂದ ಗುರುತಿಟ್ಟು, ಅಳೆದು ಬರೆದೆವು. ಜುಮ್ಮೆನ್ನುವ ಬಿಂದು ಮೂರನೆಯ ತಿಂಗಳಲ್ಲಿ ಅಂಗೈಯ ನಡುವಿಗೆ ಬಂತು. ಬೆರಳ ತುದಿಗೆ ಬರುವಷ್ಟರಲ್ಲಿ ಇನ್ನೊಂದು ಸುಗ್ಗಿ ಮುಗಿದಿತ್ತು.

ಮರಳಿದ ತಂತುಗಳೆಲ್ಲ ತಮ್ಮ ಹಳೆಯ ಮನೆಯನ್ನೇ ಸೇರುವುದಿಲ್ಲ. ತೋರುಬೆರಳಿನದು ನಡುಬೆರಳಿಗೆ ಹೋಗಿರುತ್ತದೆ, ಅದನ್ನು ಮಿದುಳು ಹೊಸದಾಗಿ ಕಲಿಯಬೇಕು. ಅದಕ್ಕಾಗಿ ಅವರ ಮಗಳು ದಿನವೂ ಸಂಜೆ ಅಪ್ಪನ ಕಣ್ಣಿಗೆ ಟವೆಲು ಕಟ್ಟಿ, ಅಂಗೈಯಲ್ಲಿ ಒಂದೊಂದೇ ವಸ್ತುವನ್ನಿಟ್ಟು ಹೆಸರು ಹೇಳಿಸುತ್ತಿದ್ದಳು. ಕಳೆದ ಬಾರಿ ಬಂದಾಗ ನಾವೂ ಪರೀಕ್ಷಿಸಿದೆವು. ನಾಣ್ಯವನ್ನೂ ಕಡಲೆಯನ್ನೂ ಒಡನೆ ಹೇಳಿದರು. ಜೋಳದ ಕಾಳಿಗೂ ಕುಸುಬೆಯ ಕಾಳಿಗೂ ಇನ್ನೂ ತಡವರಿಸುತ್ತಾರೆ. ಹೆಬ್ಬೆರಳಿನ ಬುಡದ ಉಬ್ಬು ಪೂರ್ತಿಯಾಗಿ ತುಂಬಿಕೊಂಡಿಲ್ಲ. ಅಂಗಿಯ ಗುಂಡಿಯನ್ನು ಬಲಗೈಯಿಂದಲೇ ಹಾಕಿಕೊಳ್ಳುತ್ತಾರೆ.